ಬಿಟ್ಟುಹೋದ ಎರಡು ಪುಟ



ಹೋದ ತಿಂಗಳು ಒಂದು ಮಠದಲ್ಲಿ ರಾತ್ರಿ ತಂಗಿದ್ದೆ. ಹಾಸಿಗೆ ತರಲೆಂದು ಹೋದ ಕೋಣೆಯಲ್ಲಿ ಗೋಡೆಯುದ್ದಕ್ಕೂ ಪುಸ್ತಕದ ಕಟ್ಟುಗಳು. ಮೇಲಿನ ಕಟ್ಟಿನ ಹಾಳೆ ಹರಿದಿತ್ತು. ಇಣುಕಿ ನೋಡಿದರೆ, ನಾನೇ ಸಂಪಾದಿಸಿದ ಪುಸ್ತಕ! ಆರು ವರ್ಷದ ಹಿಂದೆ ಜಾತ್ರೆಯಲ್ಲಿ ಬಿಡುಗಡೆಯಾದದ್ದು. ವೇದಿಕೆಯ ಮೇಲಿದ್ದವರಿಗೆಲ್ಲ ಹಾರದ ಜೊತೆ ಒಂದೊಂದು ಪ್ರತಿ ಕೊಟ್ಟಿದ್ದೆವು. ಗ್ರಂಥ ದಾಸೋಹಿಗಳ ಭಾವಚಿತ್ರವನ್ನು ಒಳಪುಟದಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿದ್ದೆವು. ಮಿಕ್ಕವು ಇಲ್ಲಿ, ಹಾಸಿಗೆಗಳ ಪಕ್ಕದಲ್ಲಿ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಒಳಪಂಗಡ ನೋಡಿಯೇ ಹೆಣ್ಣು ಕೊಡುವ, ತರುವ ನಮ್ಮ ರೂಢಿಯ ಬಗ್ಗೆ ಆ ಪುಸ್ತಕದಲ್ಲಿ ಎರಡು ಪುಟ ಇದ್ದವು. ದಾಸೋಹಿಗಳಿಗೆ ಮುಜುಗರವಾದೀತು, ಬಿಟ್ಟುಬಿಡಿ ಎಂದು ಸೂಚನೆ ಬಂತು. ಬಿಟ್ಟೆ. ಬೇರೆಯವರನ್ನು ದೂರಿ ಫಲವಿಲ್ಲ, ಪೆನ್ನು ನನ್ನ ಕೈಯಲ್ಲೇ ಇತ್ತು.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ಹಿಗ್ಗಿದೆವು. ಕನ್ನಡಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆದರೆ ಇಂಗ್ಲೆಂಡಿನಲ್ಲಿ ಅದನ್ನು ಪ್ರಕಟಿಸಿದವರು ಯಾರೆಂದು ನಮ್ಮಲ್ಲಿ ಕೇಳಿದವರು ಕಡಿಮೆ. ಲಂಡನ್ನಿನ ದೊಡ್ಡ ಕಂಪನಿಯಲ್ಲ, ಶೆಫೀಲ್ಡ್ ನಗರದ 'ಆ್ಯಂಡ್ ಅದರ್ ಸ್ಟೋರೀಸ್' ಎಂಬ ಸಣ್ಣ ಸ್ವತಂತ್ರ ಪ್ರಕಾಶನ. ಅಲ್ಲಿ ಓದುಗರು ಮುಂಗಡವಾಗಿ ಚಂದಾ ಕಟ್ಟುತ್ತಾರೆ, ಪುಸ್ತಕಗಳು ಮನೆಗೆ ಬರುತ್ತವೆ. ಅಚ್ಚಿಗೆ ಹೋಗುವ ಮೊದಲೇ ಹಣ ಕಟ್ಟಿದವರ ಹೆಸರು ಪುಸ್ತಕದ ಕೊನೆಯಲ್ಲಿ ಸಾಲಾಗಿ ಇರುತ್ತದೆ. ಅವರೂ ಕೊಡುಗೈಯವರೇ ಅನ್ನಿ. ಆದರೆ ಅವರು ಹಣ ಕೊಡುವುದು ಓದುವುದಕ್ಕೆ. ಬಹುಮಾನದ 50,000 ಪೌಂಡು ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮನಾಗಿ ಹಂಚಿಕೆಯಾಯಿತು. ನಮ್ಮಲ್ಲಿ ಅನುವಾದಕರಿಗೆ ಶಾಲು ಹೊದಿಸುತ್ತೇವೆ, ಕರಡು ತಿದ್ದಿದವರಿಗೆ ಅದೂ ಇಲ್ಲ. ಕಾಯಕದ ಬಗ್ಗೆ ಇಷ್ಟು ಮಾತಾಡುವ ನಾವು!

ನಮ್ಮ ಮಠಗಳು ಪ್ರಕಾಶನದಲ್ಲಿ ಹಿಂದೆ ಬಿದ್ದಿವೆ ಎಂದು ನಾನು ಹೇಳುತ್ತಿಲ್ಲ. ಗದಗಿನ ತೋಂಟದಾರ್ಯ ಮಠ ಬೆಳಕಿಗೆ ತಂದ ನೂರಾರು ಗ್ರಂಥಗಳಿಲ್ಲದೆ ಇಂದು ವಚನ ಸಂಶೋಧನೆ ಮಾಡುವವರು ಒಂದು ಹೆಜ್ಜೆಯನ್ನೂ ಇಡಲಾರರು. ಅದಕ್ಕೂ ಹಿಂದೆ ಹೋದರೆ ಫ.ಗು. ಹಳಕಟ್ಟಿಯವರು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದವರು. 'ವಚನಶಾಸ್ತ್ರಸಾರ'ದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಹಿಂದಿರುಗಿಸಿತು. 1923ರಲ್ಲಿ ಅದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಮುಂದಿನ ಹಸ್ತಪ್ರತಿ ಹಿಡಿದು ಊರೂರು ಅಲೆಯುವುದು ಬೇಡವೆಂದೋ ಏನೋ, ಅವರು ಇದ್ದ ಮನೆಯನ್ನು ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆ ಆರಂಭಿಸಿದರು, ಮೂರು ದಶಕಕ್ಕೂ ಹೆಚ್ಚು ಕಾಲ ನಡೆಸಿದರು. ಸ್ವಂತ ಮುದ್ರಣಾಲಯ ಇದ್ದವರಿಗೆ ಎರಡು ಪುಟ ಬಿಡಿ ಎನ್ನುವವರು ಯಾರು?

ಮನೆ ಮಾರುವ ಎದೆಗಾರಿಕೆ ನನಗಿಲ್ಲ, ನಿಮ್ಮಿಂದ ಕೇಳುವುದೂ ಇಲ್ಲ. ಪೂಜ್ಯರ ಮುಂದೆ ವಿಷಯ ಇಟ್ಟೆ. ಅವರು ನಕ್ಕು, "ಮೊದಲು ಓದೋರನ್ನ ಹುಡುಕ್ರಿ, ಆಮ್ಯಾಲೆ ಅಚ್ಚು ಹಾಕ್ಸ್ರಿ" ಎಂದರು. ಅದರಂತೆ ಆ ಪುಸ್ತಕವನ್ನು ತಿದ್ದಿ ಮತ್ತೆ ಹೊರತರುತ್ತಿದ್ದೇವೆ. ಮುಂಗಡ ಕಟ್ಟಿದವರ ಲೆಕ್ಕಕ್ಕೆ ತಕ್ಕಷ್ಟೇ ಪ್ರತಿ, ಅದಕ್ಕಿಂತ ಹೆಚ್ಚಿಲ್ಲ. ಒಳಪುಟದಲ್ಲಿ ಯಾರ ಭಾವಚಿತ್ರವೂ ಇರುವುದಿಲ್ಲ, ನನ್ನದೂ ಸೇರಿ. ಕರಡು ತಿದ್ದುವ ತಾಯಿಗೆ ಪುಟಕ್ಕಿಷ್ಟು ಎಂದು ಸಂಭಾವನೆ ಗೊತ್ತುಮಾಡಿದ್ದೇವೆ. ಬಿಟ್ಟುಹೋದ ಎರಡು ಪುಟ ಈ ಸಲ ಮೊದಲ ಅಧ್ಯಾಯದಲ್ಲೇ ಇರುತ್ತವೆ.

ಪತ್ರಿಕೆ ತಲುಪುವ ಎಲ್ಲ ಮಠಗಳಲ್ಲಿ ರಶೀದಿ ಪುಸ್ತಕ ಇಟ್ಟಿದ್ದೇವೆ. ಓದುವ ಮನಸ್ಸಿದ್ದವರು ಮಾತ್ರ ಹೆಸರು ಬರೆಸಿ.