ಬೇಣವನ್ನು ಒಮ್ಮೆ ನಡೆದು ನೋಡೋಣ



ಕಳೆದ ಭಾದ್ರಪದದಲ್ಲಿ ನೆಂಟರ ಮನೆಯ ಕಾರ್ಯಕ್ಕೆಂದು ಬೆಳಗಾವಿಗೆ ಹೋಗಿದ್ದೆ. ಕೋಟೆಯೊಳಗೆ 1204ರಲ್ಲಿ ಕಟ್ಟಿದ ಕಮಲ ಬಸದಿಯನ್ನು ನೋಡಿ ಹೊರಬರುವಾಗ ಕಂದಕದ ಏರಿಯ ಮೇಲೆ ತುಂಬೆ ಹೂಬಿಟ್ಟಿತ್ತು. ಅದರ ತುಂಬ ತುಡುವೆ ಜೇನು. ನಮ್ಮ ಬೇಣದಲ್ಲಿ ತುಂಬೆ ಕಂಡು ಎರಡು ವರ್ಷವಾಯಿತಲ್ಲ ಎಂದು ಆಗ ಹೊಳೆಯಿತು. ತಪ್ಪು ನನ್ನದೇ. ಆಳು ಸಿಗಲಿಲ್ಲವೆಂದು ತೋಟದ ಜೊತೆಗೆ ಬೇಣಕ್ಕೂ ಕಳೆನಾಶಕ ಹೊಡೆಸಿದ್ದೆ.

ಮರುದಿನ ಖಾನಾಪುರ ತಾಲ್ಲೂಕಿನ ಕಣಕುಂಬಿಗೆ, ಮಲಪ್ರಭೆ ಹುಟ್ಟುವ ಊರಿಗೆ, ಹೋದೆವು. ಅಲ್ಲಿಯ ಹುಲ್ಲುಗಾವಲಿನಲ್ಲಿ ಎರಡು ಗಂಟೆ ನಡೆದೆವು. ಬೇಲಿಯ ಮೇಲೆ ಗೌರಿ ಹೂ, ತಗ್ಗಿನಲ್ಲಿ ಕಾಡು ಕರ್ಣಕುಂಡಲ. ಮಣ್ಣೇ ಇಲ್ಲದ ಜಂಬಿಟ್ಟಿಗೆ ಹಾಸಿನ ಮೇಲೆ ನೇರಳೆ ಬಣ್ಣದ ಪುಟ್ಟ ಹೂಗಳು. ಈ ಗಿಡ ನೀರಿನ ಸೂಕ್ಷ್ಮ ಜೀವಿಗಳನ್ನು ತನ್ನ ಸಣ್ಣ ಚೀಲಗಳಲ್ಲಿ ಹಿಡಿದು ಸಾರಜನಕ ಪಡೆಯುತ್ತದೆ. ಗೊಬ್ಬರಕ್ಕೆ ಸಾಲ ಮಾಡುವ ನಾವು ಅದರ ಮುಂದೆ ನಾಚಬೇಕು! ದನದ ಬೆನ್ನಿನಿಂದ ಹಾರಿ ಹುಳ ಹಿಡಿಯುವ ಕಾಜಾಣ, ಹುಲ್ಲಿನ ಬೀಜಕ್ಕೆ ಇಳಿಯುವ ಗೀಜಗ, ನಮ್ಮನ್ನು ಕಂಡು ಕೂಗೆಬ್ಬಿಸಿದ ಟಿಟ್ಟಿಭ, ಎಲ್ಲವೂ ಇದ್ದವು.

ಇದೆಲ್ಲ ಪೇಟೆಯವರ ಶೋಕಿ ಎಂದು ಕೆಲವರು ನಗಬಹುದು. ಲೆಕ್ಕ ಹಾಕಿ ನೋಡಿ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟೀತು. ರೊಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬರಬೇಕು. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರಳುವ ಹೂ ಕೆಲವೇ ದಿನ ಇರುತ್ತದೆ. ಆ ಕೆಲವು ದಿನಕ್ಕೆ ಜೇನು ಬೇಕೆಂದರೆ ಉಳಿದ ದಿನಗಳಲ್ಲಿ ಅದಕ್ಕೆ ಅನ್ನ ಹಾಕುವವರು ಯಾರು? ಅಡಿಕೆಯ ಹಿಂಗಾರ ಒಂದಿಷ್ಟು ಪರಾಗ ಕೊಟ್ಟೀತು. ಆದರೆ ಬೇಣದ ತುಂಬೆಯಂಥ ಹೂವಿಲ್ಲದೆ ಸಾಲದು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗ ನಮ್ಮ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದುದನ್ನು ಹಿರಿಯರು ಮರೆತಿಲ್ಲ. ರೋಗ ನಮ್ಮ ಕೈಯಲ್ಲಿರಲಿಲ್ಲ. ಹಸಿವು ನಮ್ಮ ಕೈಯಲ್ಲಿದೆ. ಇನ್ನು ಬೆಳೆ ತಿನ್ನುವ ಹುಳಗಳ ಮೈಯಲ್ಲಿ ಮೊಟ್ಟೆಯಿಡುವ ಎಷ್ಟೋ ಕಣಜಗಳು ಬದುಕುವುದೂ ಇಂಥ ಹೂಗಳ ಮಕರಂದದಿಂದಲೇ.

ಬೇಣವನ್ನು ಮುಟ್ಟಲೇಬಾರದೆಂದು ನನ್ನ ವಾದವಲ್ಲ. ಕತ್ತಿ ಆಡದ, ದನ ಮೇಯದ ಬೇಣದಲ್ಲಿ ಮಟ್ಟಿ ಬೆಳೆದು ಹುಲ್ಲು ಹೋಗುತ್ತದೆ. ಆಳಿನ ಕಷ್ಟವೂ ಸುಳ್ಳಲ್ಲ. ಆದ್ದರಿಂದ ನನ್ನ ಸಲಹೆ ಇಷ್ಟೆ: ಬೇಣಕ್ಕೆ ಕಳೆನಾಶಕ ಬೇಡ. ಹುಲ್ಲು ಕೊಯ್ಯುವಾಗ ಅಂಚಿನ ಒಂದು ಪಟ್ಟಿಯನ್ನು ಹೂ ಬೀಜವಾಗುವ ತನಕ ಬಿಡಿ. ಬೇಸಿಗೆಯಲ್ಲಿ ಬೆಂಕಿ ಹಾಕಬೇಡಿ, ಟಿಟ್ಟಿಭ ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ. ಕಾಂಗ್ರೆಸ್ ಗಿಡ, ಯುಪಟೋರಿಯಂಗಳನ್ನು ಮಾತ್ರ ಹೂಬಿಡುವ ಮೊದಲೇ ಬೇರುಸಹಿತ ಕೀಳಿ.

ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಮೇಲೆ ಪುಸ್ತಕಗಳನ್ನೇ ಬರೆದರು. ನಾವು ಅಷ್ಟು ಮಾಡಬೇಕಿಲ್ಲ. ಪಂಪು ಹೆಗಲಿಗೇರಿಸುವ ಮೊದಲು ಮೊಮ್ಮಗುವಿನ ಕೈಹಿಡಿದು ಬೇಣದಲ್ಲಿ ಅರ್ಧ ಗಂಟೆ ನಡೆಯೋಣ. ಎಷ್ಟು ಬಗೆಯ ಹೂ, ಎಷ್ಟು ಬಗೆಯ ಜೇನು ಎಂದು ಎಣಿಸೋಣ. ನನ್ನ ಬೇಣದಲ್ಲಿ ಈ ವರ್ಷ ಮೂಲೆಯಲ್ಲಿ ನಾಲ್ಕು ತುಂಬೆ ಗಿಡ ಎದ್ದಿವೆ. ಅವಕ್ಕೆ ಕತ್ತಿ ತಾಗದಂತೆ ಗೂಟ ನೆಟ್ಟಿದ್ದೇನೆ.

— ಒಬ್ಬ ಸದಸ್ಯ