ಸನದಿಲ್ಲದ ಹಕ್ಕು

ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಕಳೆದ ವರ್ಷ ಆ ದಿನದ ಭಾಷಣದ ಹೊಣೆ ನಮ್ಮ ಕಾಲೇಜಿನಲ್ಲಿ ನನ್ನ ಪಾಲಿಗೆ ಬಂದಿತ್ತು. 1948ರಲ್ಲಿ ಸಂಯುಕ್ತ ರಾಷ್ಟ್ರಸಂಘವು ಪ್ಯಾರಿಸ್ಸಿನಲ್ಲಿ ಅಂಗೀಕರಿಸಿದ ಸಾರ್ವತ್ರಿಕ ಘೋಷಣೆ, ಅದರ 30 ಕಲಮುಗಳು, ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳು ಎಲ್ಲವನ್ನೂ ಕ್ರಮವಾಗಿ ಹೇಳಿ, ಒಳ್ಳೆಯ ಭಾಷಣ ಮಾಡಿದೆನೆಂಬ ಸಮಾಧಾನದಿಂದ ಕೆಳಗಿಳಿದೆ. ಆಗ ಹಾನಗಲ್ಲ ಕಡೆಯ ವಿದ್ಯಾರ್ಥಿಯೊಬ್ಬ ಬಳಿಗೆ ಬಂದು ಮೆಲ್ಲಗೆ ಕೇಳಿದ: “ಸರ್, ಹಕ್ಕು ಸರಕಾರ ಕೊಟ್ಟದ್ದಾದ್ರ, ಸರಕಾರನ ಅದನ್ನ ತಿರುಗಿ ಕಸಗೊಂಡ್ರ ಕೇಳವ್ರು ಯಾರ್ರೀ?”

ಒಡನೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಕನ್ನಡದ ಮೇಷ್ಟ್ರಾದವನು ಮೊದಲು ಶಬ್ದದ ಮೂಲವನ್ನು ಹುಡುಕುವುದು ಸಹಜ. ‘ಹಕ್ಕು’ ಅರಬ್ಬಿಯಿಂದ ಪಾರಸಿಯ ದಾರಿಯಾಗಿ ನಮ್ಮಲ್ಲಿಗೆ ಬಂದ ಮಾತು. ಅರಬ್ಬಿಯಲ್ಲಿ ಅದಕ್ಕೆ ‘ಸತ್ಯ’ ಎಂಬ ಅರ್ಥವೂ ಉಂಟು. ಆದರೆ ನಮ್ಮ ನಾಡಿನ ಹಳೆಯ ದಫ್ತರಗಳಲ್ಲಿ ಈ ಶಬ್ದ ಬೇರೆಯೇ ವೇಷ ತೊಟ್ಟಿತ್ತು. ವತನದ ಹಕ್ಕು, ಇನಾಮಿನ ಹಕ್ಕು ಎಂದರೆ ದೊರೆ ಸನದಿನ ಮೂಲಕ ದಯಪಾಲಿಸಿದ್ದು. ದೊರೆ ಒಲಿದರೆ ಸನದು, ಮುನಿದರೆ ಜಪ್ತಿ. ಹುಡುಗನ ಪ್ರಶ್ನೆಯ ಹಿಂದೆ ಈ ಹಳೆಯ ಅರ್ಥವೇ ನಿಂತಿತ್ತು. ನನ್ನ ಭಾಷಣವೂ ಅದನ್ನು ದಾಟಿರಲಿಲ್ಲ.

ಉತ್ತರವನ್ನು ಪ್ಯಾರಿಸ್ಸಿನಲ್ಲಿ ಹುಡುಕಬೇಕಾಗಿರಲಿಲ್ಲ. ಅದು ಆ ಹುಡುಗನ ತಾಲೂಕಿನಲ್ಲಿಯೇ ಇತ್ತು. 1984ರಲ್ಲಿ ರಾಜ್ಯ ಸರಕಾರವೂ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪನಿಯನ್ನು ಕಟ್ಟಿದವು. ಸುಮಾರು 30,000 ಹೆಕ್ಟೇರು ಸಾಮೂಹಿಕ ಭೂಮಿಯಲ್ಲಿ ನೀಲಗಿರಿ ಮೊದಲಾದ ಗಿಡಗಳನ್ನು ಬೆಳೆದು ಕಾರ್ಖಾನೆಗೆ ಒದಗಿಸುವುದು ಅದರ ಉದ್ದೇಶ. ಕಾಗದದ ಮೇಲೆ ಆ ಭೂಮಿ ಸರಕಾರದ್ದು. ಆದುದರಿಂದ ಕೊಡುವವರಿಗೂ ಕೊಳ್ಳುವವರಿಗೂ ಅಳುಕಿರಲಿಲ್ಲ. ಆದರೆ ಅದು ಹಳ್ಳಿಯ ದನಕರು ಮೇಯುತ್ತಿದ್ದ ನೆಲ, ಬಡವರ ಮನೆಯ ಒಲೆಗೆ ಸೌದೆ, ಹೊಲಕ್ಕೆ ಸೊಪ್ಪು ಒದಗಿಸುತ್ತಿದ್ದ ನೆಲ. ಅಲ್ಲಿ ಆಕಳು ಮೇಯಿಸಲು ಯಾರ ಅಜ್ಜನೂ ಸನದು ಪಡೆದಿರಲಿಲ್ಲ.

1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಹಳ್ಳಿಯ ಜನ ನೆರೆದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್. ಆರ್. ಹಿರೇಮಠರು ಅವರ ಜೊತೆಗಿದ್ದರು. ಜನ ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತಲ್ಲಿ ತಮಗೆ ಹಣ್ಣು, ಮೇವು, ಸೌದೆ ಕೊಡುವ ಸಸಿಗಳನ್ನು ಹಚ್ಚಿದರು. ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹವೆಂದು ಅದಕ್ಕೆ ಹೆಸರಾಯಿತು. ಇನ್ನೊಂದು ಕಡೆ ಶಿವರಾಮ ಕಾರಂತರೇ ಮೊದಲಾದವರು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಕೊನೆಗೆ 1991ರಲ್ಲಿ ಆ ಕಂಪನಿಯನ್ನೇ ಮುಚ್ಚುವ ನಿರ್ಧಾರವಾಯಿತು.

ಬದುಕುವ ಹಕ್ಕು ಬರೆದಿಟ್ಟ ಕಾಗದಕ್ಕಿಂತ ಹಿರಿಯದೆಂಬುದನ್ನು ಕುಸನೂರಿನ ಜನ ಕೈಯಿಂದ ಮಾಡಿ ತೋರಿಸಿದರು. ಇದೇ ಮಾತನ್ನು ಒಪ್ಪಲು ನಮ್ಮ ಅತ್ಯುಚ್ಚ ನ್ಯಾಯಾಲಯಕ್ಕೆ 41 ವರ್ಷ ಹಿಡಿದವು. ತುರ್ತುಪರಿಸ್ಥಿತಿಯಲ್ಲಿ ಹಕ್ಕುಗಳ ಜಾರಿಯನ್ನು ತಡೆಹಿಡಿದಿರುವಾಗ, ಬಂಧಿತನಾದವನು ತನ್ನ ಬಿಡುಗಡೆಗಾಗಿ ನ್ಯಾಯಾಲಯಕ್ಕೆ ಹೋಗುವಂತಿಲ್ಲವೆಂದು 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಜೀವ ಮತ್ತು ಸ್ವಾತಂತ್ರ್ಯಗಳು ಸಂವಿಧಾನವೊಂದರ ಕೊಡುಗೆಯಲ್ಲವೆಂದು ಎಚ್. ಆರ್. ಖನ್ನಾ ಒಬ್ಬರೇ ಭಿನ್ನವಾಗಿ ಬರೆದರು. ಮುಂದೆ ಹಿರಿತನವಿದ್ದರೂ ಮುಖ್ಯ ನ್ಯಾಯಮೂರ್ತಿಯ ಪದವಿ ಅವರಿಗೆ ದೊರೆಯಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಹಳೆಯ ಬಹುಮತದ ತೀರ್ಪನ್ನು ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

ಹಾಗಾದರೆ ಸರಕಾರ ಬೇಡವೇ? ಖಂಡಿತ ಬೇಕು. ಸರಕಾರವಿಲ್ಲದಲ್ಲಿ ಬಲ್ಲಿದನ ಬಯಕೆಯೇ ಕಾನೂನು. ಬಡವನಿಗೆ ಮೊರೆಯಿಡಲು ತಾಣವೇ ಇಲ್ಲ. ಕಂಪನಿಯ ವಿರುದ್ಧ ನಿಂತವರೂ ನ್ಯಾಯ ಬೇಡಿದ್ದು ಪ್ರಭುತ್ವದ ಅಂಗವೇ ಆದ ನ್ಯಾಯಾಲಯವನ್ನು. ನಮ್ಮ ಸಾಧನಕೇರಿಯ ದಂಡೆಯಲ್ಲಿ ಸಂಜೆ ಅಡ್ಡಾಡುವಾಗ ನನಗೊಂದು ಹೋಲಿಕೆ ಹೊಳೆಯಿತು. ಕೆರೆಯ ನೀರನ್ನು ಏರಿ ಹುಟ್ಟಿಸಲಿಲ್ಲ. ಅದು ಮಳೆಯ ನೀರು. ಆದರೆ ಏರಿ ಇಲ್ಲದೆ ಆ ನೀರು ನಿಲ್ಲಲಾರದು. ಸರಕಾರವೆಂದರೆ ಏರಿ. ನೀರನ್ನು ಕಾಯುವುದೇ ಅದರ ಕೆಲಸ. ಏರಿಯೇ ನೀರಿನ ಒಡೆಯನೆಂದು ಬೀಗಿದ ದಿನ ಊರವರು ಎಚ್ಚರಾಗಬೇಕು. ಏರಿ ಬಿರಿದ ದಿನವೂ ಗುದ್ದಲಿ ಹಿಡಿದು ಹೊರಡಬೇಕಾದವರು ಅವರೇ.

ಮರುದಿನ ಆ ವಿದ್ಯಾರ್ಥಿಯನ್ನು ಕರೆದು ಇಷ್ಟನ್ನೂ ಹೇಳಿದೆ. ಕುಸನೂರಿನ ಹೆಸರು ಕೇಳುತ್ತಲೇ ಅವನ ಮುಖವರಳಿತು. “ನಮ್ಮೂರಿಂದ ಭಾಳ ದೂರ ಇಲ್ರೀ ಸರ್. ಆದ್ರ ಈ ಸುದ್ದಿ ನಮಗ ಯಾರೂ ಹೇಳೇ ಇಲ್ಲ” ಎಂದ. ಅವನ ಮಾತು ನನಗೆ ತಾಗಿತು. ಪ್ಯಾರಿಸ್ಸಿನ 30 ಕಲಮುಗಳನ್ನು ಬಾಯಿಪಾಠ ಮಾಡಿಸುವ ನಾವು ನೆರೆಯ ಹಳ್ಳಿಯ ಕಥೆಯನ್ನು ಹೇಳಲು ಮರೆತಿದ್ದೇವೆ. ಈ ವರ್ಷ ಭಾಷಣದ ಸರದಿ ಮತ್ತೆ ನನ್ನದಾದರೆ ಕುಸನೂರಿನಿಂದಲೇ ಆರಂಭಿಸುವೆನು.