ಪಟಾಕಿಗಿಂತ ಮೊದಲು ಫಿನಾಯಿಲ್

ದೀಪಾವಳಿ ಬಂತು ಅಂದ್ರೆ ಬೆಕ್ಕು ಸಾಕಿದವರೆಲ್ಲ ಪಟಾಕಿ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ತಪ್ಪಿಲ್ಲ. ಆದರೆ ನನಗೆ ಅದಕ್ಕಿಂತ ಭಯ ಹಬ್ಬಕ್ಕೆ ವಾರ ಮುಂಚೆ ಶುರುವಾಗೋ ಮನೆ ಕ್ಲೀನಿಂಗ್ ಬಗ್ಗೆ.

ಕಪ್ಪು ಫಿನಾಯಿಲ್‌ನಲ್ಲಿ ಫಿನಾಲ್ ಜಾತಿಯ ರಾಸಾಯನಿಕ ಇರುತ್ತೆ, ಬಿಳಿಯದರಲ್ಲಿ ಸಾಮಾನ್ಯವಾಗಿ ಪೈನ್ ಎಣ್ಣೆ. ಎರಡೂ ಬೆಕ್ಕಿಗೆ ಆಗಿಬರಲ್ಲ. ಇಂಥವನ್ನು ನಮ್ಮ ಲಿವರ್ ನಿಭಾಯಿಸುತ್ತೆ. ಅದಕ್ಕೆ ಬೇಕಾದ ಕಿಣ್ವ ಬೆಕ್ಕಿನಲ್ಲಿ ತೀರಾ ಕಡಿಮೆ. ನಮ್ಮ ತಲೆನೋವಿನ ಪ್ಯಾರಸಿಟಮಾಲ್ 500 ಮಿಲಿಗ್ರಾಂನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು ಅನ್ನೋದಕ್ಕೂ ಇದೇ ಕಾರಣ. ಬೆಕ್ಕು ಫಿನಾಯಿಲ್ ಕುಡಿಯಲೇಬೇಕು ಅಂತಿಲ್ಲ. ಒದ್ದೆ ನೆಲದ ಮೇಲೆ ನಡೆದು, ಆಮೇಲೆ ಕೂತು ಪಾದ ನೆಕ್ಕುತ್ತಲ್ಲ, ಅಷ್ಟು ಸಾಕು.

"ಫಿನಾಯಿಲ್ ವಾಸನೆ ಇಲ್ದಿದ್ರೆ ನೆಲ ಒರೆಸಿದ ಹಾಗೇ ಅಲ್ಲ ಕಣೋ" ಅಂತಾರೆ ನಮ್ಮಮ್ಮ. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹಾಗಾಗಿ ಒಪ್ಪಂದ ಆಗಿದೆ: ಬಾತ್‌ರೂಮಿಗೆ ಮಾತ್ರ ಫಿನಾಯಿಲ್, ಬಾಗಿಲು ಹಾಕಿರಬೇಕು. ಉಳಿದ ಕಡೆ ಬಿಸಿನೀರು, ಚೂರು ಸೋಪು. ಸೀರೆ ಬೀರು ತೆಗೆದಾಗ ಉರುಳಿ ಬೀಳೋ ನುಸಿಗುಳಿಗೆಯನ್ನೂ ಎಣಿಸಿ ಎತ್ತಿಡ್ತೀವಿ. ಬೆಕ್ಕಿಗೆ ಅದು ಗೋಲಿ ಆಟ. ನುಂಗಿದರೆ ರಕ್ತಕಣಗಳೇ ಒಡೆಯುತ್ತವೆ.

ಇನ್ನು ಹೂವಿನ ದಾರ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿರೋದ್ರಿಂದ ಬಾಯಿಗೆ ಸಿಕ್ಕ ದಾರ ಉಗುಳೋದು ಕಷ್ಟ, ಒಳಗೇ ಹೋಗುತ್ತೆ. ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ, ಲಾಡಿ ಎಳೆದ ಲಂಗದ ಹಾಗೆ ಕರುಳು ನೆರಿಗೆಗಟ್ಟುತ್ತೆ. ಬಾಯಲ್ಲೋ ಹಿಂಬದಿಯಲ್ಲೋ ದಾರ ಕಂಡರೆ ಎಳೆಯಬೇಡಿ, ಕರುಳು ಕೊಯ್ದುಬಿಡುತ್ತೆ. ಸೀದಾ ಡಾಕ್ಟರ್ ಹತ್ತಿರ ಹೋಗಿ. ಬಾಡಿದ ಹಾರವನ್ನು ಮುಚ್ಚಳ ಇರೋ ಡಬ್ಬಿಗೇ ಹಾಕಿ.

ಆಫೀಸಿಂದ ಬರೋ ಹೂಗುಚ್ಛದಲ್ಲಿ ಲಿಲ್ಲಿ ಇದ್ದರೆ ಮನೆಯೊಳಗೆ ತರಲೇಬೇಡಿ. ಮೈಮೇಲೆ ಉದುರಿದ ಪರಾಗ ನೆಕ್ಕಿದರೂ ಎರಡು–ಮೂರು ದಿನದಲ್ಲಿ ಕಿಡ್ನಿ ಕೈಕೊಡಬಹುದು.

ಪಟಾಕಿ ಹೊತ್ತಿಗೆ ಒಳಗಿನ ರೂಮು, ಕಿಟಕಿ ಬಂದ್, ಒಂದು ರಟ್ಟಿನ ಡಬ್ಬ, ಮರಳಿನ ಟ್ರೇ. ಮಂಚದ ಕೆಳಗೆ ಅಡಗಿದ್ದರೆ ಎಳೆದು ಮುದ್ದಿಸೋಕೆ ಹೋಗಬೇಡಿ. ನೆಂಟರು ಬಂದಾಗ ಬಾಗಿಲು ಯಾರು ನೋಡ್ಕೋಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ಹಬ್ಬದ ದಿನ ಎಷ್ಟೋ ಕ್ಲಿನಿಕ್‌ಗಳು ಮುಚ್ಚಿರುತ್ತವೆ. ಯಾವುದು ತೆರೆದಿರುತ್ತೆ ಅಂತ ನರಕ ಚತುರ್ದಶಿಗೆ ಮುಂಚೆಯೇ ಫೋನ್ ಮಾಡಿ ಕೇಳಿ, ನಂಬರ್ ಸೇವ್ ಮಾಡಿಕೊಳ್ಳಿ. ಏನಾದರೂ ತಿಂದಿದೆ ಅನ್ನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಬಾಟಲಿಯ ಲೇಬಲ್ ಫೋಟೊ ತೆಗೆದುಕೊಂಡು ಹೊರಡಿ.